‘ದಿ ಬುಚರ್ ಬಾಯ್’ ಸಿನಿಮಾದ ಹುಡುಗನಿಗೆ ಇದ್ದ ಕಾಯಿಲೆ ಯಾವುದು?

ಪ್ರಶ್ನೆ: ಡಾಕ್ಟ್ರೇ, ನಾನು ಹೈಸ್ಕೂಲ್ ಟೀಚರ್. ಹೋದ ವಾರ ಯಜಮಾನರ ಜೊತೆ ‘ದಿ ಬುಚರ್ ಬಾಯ್’ ಅನ್ನೋ ಐರಿಷ್ ಸಿನಿಮಾ ನೋಡಿದೆ. ಮೊದಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೊನೆಗೆ ಆ ಹುಡುಗ ಊರಿನ ಹೆಂಗಸೊಬ್ಬಳನ್ನು ಕೊಂದಾಗ, ಅಷ್ಟೊತ್ತು ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅವನಿಗೆ ಇದ್ದದ್ದು ಯಾವ ಕಾಯಿಲೆ? ಹುಟ್ಟಿನಿಂದ ಬಂದದ್ದಾ, ಆಮೇಲೆ ಆದದ್ದಾ? ನಮ್ಮ ಯಜಮಾನರು ‘ಹುಚ್ಚೂ ಇಲ್ಲ ಏನೂ ಇಲ್ಲ, ಕೆಟ್ಟ ಹುಡುಗ’ ಅಂತಾರೆ. ಆ ತರಹದ ಶಾಲೆಗಳು ಐರ್ಲೆಂಡಿನಲ್ಲಿ ನಿಜವಾಗಿ ಇದ್ದವಾ? ನನ್ನ ಕ್ಲಾಸಿನಲ್ಲೂ ಹೀಗೇ ಎಲ್ಲರನ್ನೂ ನಗಿಸುವ ಹುಡುಗ ಒಬ್ಬ ಇದ್ದಾನೆ. ಸಿನಿಮಾ ನೋಡಿದಾಗಿನಿಂದ ಅವನದೇ ಯೋಚನೆ.

ಉತ್ತರ: ಮೇಡಂ, ನಕ್ಕಿದ್ದಕ್ಕೆ ನಾಚಿಕೊಳ್ಳಬೇಡಿ. ನಾನು ಆ ಸಿನಿಮಾವನ್ನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ನಕ್ಕಿದ್ದೇನೆ. ದಿನವೂ ಇಂಥ ಮಕ್ಕಳನ್ನೇ ನೋಡುವ ಡಾಕ್ಟರ್ ನಕ್ಕರೆ ಇಲ್ಲದ ತಪ್ಪು ನಿಮಗೆಲ್ಲಿಂದ ಬಂತು? ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ನಗುವಿನಲ್ಲೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಸಿನಿಮಾ ನೋಡದವರೂ ಇದನ್ನು ಓದುತ್ತಾರೆ, ಹಾಗಾಗಿ ಕತೆಯನ್ನು ಕೊನೆಯವರೆಗೂ ಹೇಳಬೇಕಾಗುತ್ತದೆ. ಈಗಲೇ ಗೊತ್ತಾಗೋದು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಪ್ಯಾಟ್ರಿಕ್ ಮೆಕೇಬ್ ಬರೆದ ಕಾದಂಬರಿ 1992ರಲ್ಲಿ ಬಂತು. ಆ ವರ್ಷದ ಬುಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಇತ್ತು. 1997ರಲ್ಲಿ ನೀಲ್ ಜೋರ್ಡನ್ ಅದನ್ನು ಸಿನಿಮಾ ಮಾಡಿದರು, ಚಿತ್ರಕತೆಗೆ ಮೆಕೇಬ್ ಅವರೂ ಕೈಜೋಡಿಸಿದರು. ಮರುವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಜೋರ್ಡನ್ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಸಿಕ್ಕಿತು. ಚಿತ್ರೀಕರಣ ನಡೆದದ್ದು ಮೆಕೇಬ್ ಹುಟ್ಟಿದ ಕ್ಲೋನಿಸ್ ಊರಿನಲ್ಲೇ. ಉತ್ತರ ಐರ್ಲೆಂಡಿನ ಗಡಿಗೆ ಅಂಟಿಕೊಂಡಿರುವ ಮೊನಾಹನ್ ಕೌಂಟಿಯ ಸಣ್ಣ ಊರು ಅದು. ಕತೆಯ ಹುಡುಗ ಫ್ರಾನ್ಸಿ ಬ್ರೇಡಿಯಾಗಿ ನಟಿಸಿದ ಏಮನ್ ಓವನ್ಸ್ ಪಕ್ಕದ ಕ್ಯಾವನ್ ಕೌಂಟಿಯ ಹುಡುಗ. ಅದಕ್ಕೆ ಮುಂಚೆ ಕ್ಯಾಮೆರಾ ಮುಂದೆ ನಿಂತವನೇ ಅಲ್ಲ. ಅವನ ಕೆಂಪು ಕೂದಲು, ದುಂಡು ಮುಖ, ಬಿಡುವಿಲ್ಲದ ಮಾತು ಇಲ್ಲದಿದ್ದರೆ ಈ ಸಿನಿಮಾ ಇಲ್ಲ.

ಕಾಲ 1960ರ ದಶಕದ ಶುರು. ಐರ್ಲೆಂಡಿನ ಸ್ವಂತ ಟೀವಿ ಶುರುವಾದದ್ದೇ 1961ರ ಡಿಸೆಂಬರ್ 31ಕ್ಕೆ. ಹೊಸ ಟೀವಿಯ ಕೌಬಾಯ್‌ಗಳು, ಅನ್ಯಗ್ರಹದವರು, ಅಣುಬಾಂಬು ಎಲ್ಲವೂ ಹನ್ನೆರಡು ವರ್ಷದ ಫ್ರಾನ್ಸಿಯ ತಲೆಯೊಳಗೆ ಬಂದು ಕೂತಿವೆ. ಅಪ್ಪ ಬೆನ್ನಿ ಟ್ರಂಪೆಟ್ ನುಡಿಸುವವನು, ಮಹಾ ಕುಡುಕ. ಅಮ್ಮನಿಗೆ ಮನಸ್ಸಿನ ಕಾಯಿಲೆ. ಫ್ರಾನ್ಸಿಗೆ ಇರುವ ಒಬ್ಬನೇ ಗೆಳೆಯ ಜೋ. ಇಬ್ಬರೂ ಸೇರಿ ನ್ಯೂಜೆಂಟ್ ಮನೆಯ ತೋಟದ ಸೇಬು ಕದಿಯುತ್ತಾರೆ, ಆ ಮನೆಯ ಮಗ ಫಿಲಿಪ್‌ನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಎಲ್ಲ ಊರಲ್ಲೂ ಇರುವ ತರಲೆ, ಅಷ್ಟೇ.

ಮಿಸೆಸ್ ನ್ಯೂಜೆಂಟ್ ಲಂಡನ್ನಿನಲ್ಲಿ ಇದ್ದು ಬಂದವಳು. ಫಿಯೋನಾ ಶಾ ಆ ಪಾತ್ರಕ್ಕೆ ತಂದಿರುವ ನಡಿಗೆ ನೋಡಿ, ನೆಲ ಮುಟ್ಟಿದರೆ ಎಲ್ಲಿ ಕೊಳೆಯಾಗುತ್ತದೋ ಅನ್ನುವ ಹಾಗಿದೆ. ಆಕೆ ದೂರು ಹೇಳಲು ಬ್ರೇಡಿಗಳ ಬಾಗಿಲಿಗೆ ಬರುತ್ತಾಳೆ. ಹೋಗುವಾಗ ಒಂದು ಮಾತು ಅಂದು ಹೋಗುತ್ತಾಳೆ: ನೀವೆಲ್ಲ ಹಂದಿಗಳು, ಊರಿಗೇ ಗೊತ್ತು. ಆ ಮಾತು ಬಿದ್ದದ್ದು ಅಮ್ಮನ ಮುಂದೆ. ಹುಡುಗ ಕೇಳಿಸಿಕೊಳ್ಳುತ್ತಾನೆ.

ಮುಂದೆ ಅವನು ಏನು ಮಾಡುತ್ತಾನೆ ಅನ್ನುವುದೇ ಈ ಕತೆಯ ಬೀಗದ ಕೈ. ಅಳುವುದಿಲ್ಲ. ಕಲ್ಲು ತೂರುವುದಿಲ್ಲ. ಬೀದಿಯಲ್ಲಿ ತಾಯಿ ಮಗ ಬರುವಾಗ ಅಡ್ಡ ನಿಂತು ‘ಹಂದಿ ಸುಂಕ’ ಕೇಳುತ್ತಾನೆ. ಈ ರಸ್ತೆಯಲ್ಲಿ ಹೋಗಬೇಕಾದರೆ ಹಂದಿಗಳಿಗೆ ಟೋಲ್ ಕಟ್ಟಬೇಕು ಅಂತ. ಅವಳು ಸಿಟ್ಟಿನಿಂದ ಕೆಂಪಗಾಗುತ್ತಾಳೆ, ಇವನು ಸರ್ಕಾರಿ ಗುಮಾಸ್ತನ ಗತ್ತಿನಲ್ಲಿ ಮಾತು ಮುಂದುವರಿಸುತ್ತಾನೆ. ನಗು ಬರದೇ ಇರುತ್ತದೆಯೇ? ನನ್ನ ಮುಂದೆ ಒಬ್ಬ ಹುಡುಗ ಕೂತು ಇದನ್ನೇ ಹೇಳಿದ್ದರೆ ಮೊದಲು ನಗುತ್ತಿದ್ದೆ. ಆಮೇಲೆ ಪೆನ್ನು ಕೆಳಗಿಡುತ್ತಿದ್ದೆ. ಯಾಕೆಂದರೆ ಅವನು ಆ ಬೈಗುಳವನ್ನು ತಳ್ಳಿಹಾಕಲಿಲ್ಲ, ಮೈಮೇಲೆ ಹಾಕಿಕೊಂಡ. ಹಂದಿ ಅಂದಿರಾ? ಸರಿ, ಹಂದಿಯೇ. ಅಲ್ಲಿಂದ ಕೊನೆಯವರೆಗೂ ಆ ಪದ ಅವನನ್ನು ಬಿಡುವುದಿಲ್ಲ. ನ್ಯೂಜೆಂಟ್ ಮನೆಗೆ ನುಗ್ಗಿ ಕಾರ್ಪೆಟ್ ಮೇಲೆ ಹೇಲುವಾಗಲೂ ಹಂದಿಯಾಗಿಯೇ ಹೇಲುತ್ತಾನೆ. ಆಮೇಲೆ ಕೆಲಸ ಸಿಗುವುದೂ ಹಂದಿ ಕಡಿಯುವ ಕಸಾಯಿಖಾನೆಯಲ್ಲೇ.

ಅಮ್ಮನ ಕಡೆಗೆ ಬರೋಣ. ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ಅತಿ ನಿಜವಾದ ಭಾಗ ಅದು. ಅವಳನ್ನು ಆಸ್ಪತ್ರೆಗೆ ಸೇರಿಸಿದ್ದನ್ನು ಫ್ರಾನ್ಸಿ ‘ಗ್ಯಾರೇಜಿಗೆ ಹೋಗಿದ್ದಾಳೆ’ ಅನ್ನುತ್ತಾನೆ. ರಿಪೇರಿಗೆ. ನಮ್ಮಲ್ಲಿ ಬೆಂಗಳೂರಿನವರು ನಿಮ್ಹಾನ್ಸ್ ಹೆಸರಿನಲ್ಲಿ, ಹುಬ್ಬಳ್ಳಿ ಕಡೆಯವರು ಧಾರವಾಡದ ಹೆಸರಿನಲ್ಲಿ ಇದೇ ಜೋಕು ಹೊಡೆಯುತ್ತಾರಲ್ಲ, ಅಂಥದ್ದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಜೋಕು ಹೊಡೆಯುವವನು ಅವಳದೇ ಮಗ.

ಗ್ಯಾರೇಜಿನಿಂದ ಅಮ್ಮ ವಾಪಸ್ ಬರುತ್ತಾಳೆ. ಈಗ ಅವಳಿಗೆ ಸಿಕ್ಕಾಪಟ್ಟೆ ಹುರುಪು. ಲಂಡನ್ನಿನಿಂದ ಅಪ್ಪನ ಸೋದರ ಅಲೋ ಬರುತ್ತಾನೆ ಅಂತ ಕೇಕು ಸುಡಲು ಶುರುಮಾಡುತ್ತಾಳೆ. ಹತ್ತಲ್ಲ, ಇಪ್ಪತ್ತಲ್ಲ. ಮೇಜು ತುಂಬಿ, ಕಪಾಟು ತುಂಬಿ, ತಟ್ಟೆ ಮೇಲೆ ತಟ್ಟೆ ಪೇರಿಸಿದ ಗೋಪುರ. ಹುಡುಗ ಖುಷಿಯಾಗಿದ್ದಾನೆ, ಅಮ್ಮ ಹುಷಾರಾದಳು ಅಂತ. ನಮ್ಮ ಕಣ್ಣಿಗೆ ಬೇರೆಯೇ ಕಾಣುತ್ತದೆ. ತಿಂಗಳುಗಟ್ಟಲೆ ಮೂಲೆ ಹಿಡಿದಿದ್ದವರು ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟು, ಲೆಕ್ಕ ಬಿಟ್ಟು ಮನೆ ತುಂಬ ಓಡಾಡತೊಡಗಿದರೆ, ಮನೆಯವರು ‘ಈಗ ಪರವಾಗಿಲ್ಲ ಡಾಕ್ಟ್ರೇ’ ಅನ್ನುತ್ತಾರೆ. ನಾವು ಆ ಮಾತು ಕೇಳಿದಾಗಲೇ ಜಾಸ್ತಿ ಹೆದರುವುದು. ಕುಗ್ಗು ಒಂದು ತುದಿಯಾದರೆ ಈ ಉಬ್ಬು ಇನ್ನೊಂದು ತುದಿ. ಎರಡೂ ಒಂದೇ ಕಾಯಿಲೆಯ ಎರಡು ಮುಖ ಇರಬಹುದು. ಮಕ್ಕಳಿಗೆ ಮಾತ್ರ ಉಬ್ಬಿನ ಕಾಲ ಹಬ್ಬದ ಹಾಗೆ ಕಾಣುತ್ತದೆ. ಪಾಪ, ಅವರಿಗೆ ಅಮ್ಮ ನಗುತ್ತಿದ್ದರೆ ಸಾಕು.

ಅಮ್ಮ ಮಗನಿಂದ ಒಂದು ಮಾತು ತೆಗೆದುಕೊಳ್ಳುತ್ತಾಳೆ. ನೀನು ಯಾವತ್ತೂ ನನ್ನ ಕೈಬಿಡಬಾರದು ಅಂತ. ಹನ್ನೆರಡು ವರ್ಷದ ಮಗು ತಾಯಿಯನ್ನು ಕಾಪಾಡುವ ಜವಾಬ್ದಾರಿ ಹೊರುತ್ತದೆ. ಅಲೋ ಬಂದ ಪಾರ್ಟಿಯ ರಾತ್ರಿ ಅಪ್ಪ ಕುಡಿದು ಎಲ್ಲರ ಮಾನ ಹರಾಜು ಹಾಕುತ್ತಾನೆ. ಆಮೇಲೆ ಹುಡುಗ ಮನೆ ಬಿಟ್ಟು ಡಬ್ಲಿನ್‌ಗೆ ಓಡುತ್ತಾನೆ. ಅಮ್ಮನಿಗೆ ಉಡುಗೊರೆ ಹಿಡಿದುಕೊಂಡು ವಾಪಸ್ ಬಂದರೆ ಊರಿನಲ್ಲಿ ಅವಳದೇ ಶವಸಂಸ್ಕಾರ ನಡೆದಿದೆ. ಅವಳು ತಾನಾಗಿಯೇ ಜೀವ ಕಳೆದುಕೊಂಡಿದ್ದಾಳೆ. ಅಪ್ಪ ಇದು ನಿನ್ನಿಂದಲೇ ಆದದ್ದು ಅಂದುಬಿಡುತ್ತಾನೆ. ಆ ಕಾಲದ ಐರ್ಲೆಂಡಿನಲ್ಲಿ ಆತ್ಮಹತ್ಯೆ ಪಾಪ ಮಾತ್ರ ಅಲ್ಲ, ಕಾನೂನಿನ ಪ್ರಕಾರ ಅಪರಾಧ. ಅದನ್ನು ಅಪರಾಧದ ಪಟ್ಟಿಯಿಂದ ತೆಗೆದದ್ದು 1993ರಲ್ಲಿ. ಹಾಗಾಗಿ ಇಂಥ ಸಾವಾದ ಮನೆಯ ಮಗುವಿನ ಜೊತೆ ಕೂತು ಯಾರೂ ಮಾತಾಡುತ್ತಿರಲಿಲ್ಲ. ಫ್ರಾನ್ಸಿಯ ಜೊತೆಗೂ ಮಾತಾಡುವುದಿಲ್ಲ. ಅವನು ಅಳುವುದನ್ನು ನಾವು ನೋಡುವುದೇ ಅಪರೂಪ. ಬದಲಿಗೆ ಜೋಕು ಜಾಸ್ತಿಯಾಗುತ್ತದೆ.

ನ್ಯೂಜೆಂಟ್ ಮನೆಗೆ ನುಗ್ಗಿದ ಮೇಲೆ ಫ್ರಾನ್ಸಿಯನ್ನು ಕಳಿಸುವ ಶಾಲೆಯ ಬಗ್ಗೆ ಕೇಳಿದ್ದೀರಿ. ನಿಜವಾಗಿ ಇದ್ದವು, ಮೇಡಂ. ಸಿನಿಮಾದಲ್ಲಿ ತೋರಿಸಿದ್ದು ಕಮ್ಮಿಯೇ. ಬಡತನ, ಅನಾಥತನ, ಸಣ್ಣ ಕಳ್ಳತನ, ಶಾಲೆ ತಪ್ಪಿಸಿದ್ದು, ಇಷ್ಟಕ್ಕೇ ಮಕ್ಕಳನ್ನು ಕೋರ್ಟಿನ ಮೂಲಕ ‘ಇಂಡಸ್ಟ್ರಿಯಲ್ ಸ್ಕೂಲ್’ಗಳಿಗೆ ಕಳಿಸುತ್ತಿದ್ದರು. ದುಡ್ಡು ಸರ್ಕಾರದ್ದು, ಆಡಳಿತ ಕ್ಯಾಥೊಲಿಕ್ ಸಂಸ್ಥೆಗಳದ್ದು. ಡಬ್ಲಿನ್ನಿನ ಆರ್ಟೇನ್, ಪಶ್ಚಿಮದ ಲೆಟರ್‌ಫ್ರ್ಯಾಕ್ ಹೆಸರು ಕೇಳಿದರೆ ಈಗಲೂ ಅಲ್ಲಿನ ಹಿರಿಯರು ಸುಮ್ಮನಾಗುತ್ತಾರೆ. ಅಲ್ಲಿ ಏನೇನು ನಡೆಯಿತು ಅನ್ನುವುದನ್ನು ದೇಶ ಬಾಯಿಬಿಟ್ಟು ಹೇಳಲು ದಶಕಗಳೇ ಬೇಕಾದವು. 1999ರಲ್ಲಿ ಮೇರಿ ರಾಫ್ಟರಿ ಅನ್ನುವ ಪತ್ರಕರ್ತೆ ಟೀವಿಯಲ್ಲಿ ಸಾಕ್ಷ್ಯಚಿತ್ರ ಮಾಲಿಕೆ ಮಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿದರು. ತನಿಖಾ ಆಯೋಗದ ವರದಿ ಬಂದದ್ದು 2009ರಲ್ಲಿ, ಐದು ಸಂಪುಟ. ಹುಡುಗರ ಸಂಸ್ಥೆಗಳಲ್ಲಿ ಲೈಂಗಿಕ ದೌರ್ಜನ್ಯ ಎಲ್ಲೋ ಒಂದೆರಡು ಕಡೆ ನಡೆದದ್ದಲ್ಲ, ಬೇರೂರಿತ್ತು ಅಂತ ಅದು ಬರೆದಿದೆ. ಸಿನಿಮಾ ಇದಕ್ಕೆಲ್ಲ ಮುಂಚೆ ಬಂದದ್ದು ಅನ್ನುವುದನ್ನು ಗಮನಿಸಿ. ಫ್ರಾನ್ಸಿಯ ಮೇಲೆ ಕೈಹಾಕುವ ಮುದಿ ಪಾದ್ರಿ ಅವನಿಗೆ ಹುಡುಗಿಯರ ಟೊಪ್ಪಿಗೆ ಹಾಕಿ ತೊಡೆಯ ಮೇಲೆ ಕೂರಿಸಿಕೊಳ್ಳುವ ದೃಶ್ಯವೂ ತಮಾಷೆಯ ಧಾಟಿಯಲ್ಲೇ ಬರುತ್ತದೆ. ನೀವು ಅಲ್ಲಿ ನಗಲಿಲ್ಲ ಅಂದುಕೊಳ್ಳುತ್ತೇನೆ. ಹುಡುಗ ಮಾತ್ರ ಅಲ್ಲೂ ಜೋಕು ಬಿಡುವುದಿಲ್ಲ. ಆಮೇಲೆ ವಿಷಯ ಮುಚ್ಚಿಹೋಗುತ್ತದೆ, ಹುಡುಗ ಊರಿಗೆ ಬರುತ್ತಾನೆ.

ಆ ಶಾಲೆಯಲ್ಲಿದ್ದಾಗಲೇ ಅವನಿಗೆ ಮೇರಿ ಮಾತೆ ಕಾಣಿಸುತ್ತಾಳೆ. ಆ ಪಾತ್ರ ಮಾಡಿದವರು ಗಾಯಕಿ ಶಿನೇಡ್ ಓಕಾನರ್. 1992ರ ಅಕ್ಟೋಬರಿನಲ್ಲಿ ಅಮೆರಿಕದ ಟೀವಿಯ ನೇರ ಪ್ರಸಾರದಲ್ಲಿ ಪೋಪ್ ಫೋಟೋ ಹರಿದು, ಚರ್ಚಿನೊಳಗೆ ಮಕ್ಕಳ ಮೇಲಾಗುವ ದೌರ್ಜನ್ಯದ ವಿರುದ್ಧ ದನಿ ಎತ್ತಿದವರು. ಅವರನ್ನೇ ಕರೆದು ಮೇರಿ ಮಾತೆ ಮಾಡಿದ ಜೋರ್ಡನ್ ಧೈರ್ಯ ದೊಡ್ಡದು. ಈ ಮೇರಿ ಮಾತೆ ನೀಲಿ ಸೆರಗು ಹೊದ್ದು ಪ್ರೀತಿಯಿಂದ ಮಾತಾಡುತ್ತಾಳೆ, ನಡುನಡುವೆ ಕೆಟ್ಟ ಬೈಗುಳವನ್ನೂ ಸೇರಿಸುತ್ತಾಳೆ. ಯಾಕೆ ಹಾಗೆ ಅಂತ ಬಹಳ ಜನ ಕೇಳುತ್ತಾರೆ. ಉತ್ತರ ಸುಲಭ. ಅವಳು ಹುಟ್ಟಿದ್ದು ಹುಡುಗನ ತಲೆಯಲ್ಲಿ, ಹಾಗಾಗಿ ಹುಡುಗನ ಭಾಷೆಯನ್ನೇ ಆಡುತ್ತಾಳೆ. ಅವನನ್ನು ಬೈಯದೆ, ಹೆದರಿಸದೆ, ಏನೂ ಕೇಳದೆ ಮಾತಾಡಿಸುವವಳು ಅವಳೊಬ್ಬಳೇ.

ಇಲ್ಲಿ ನಮ್ಮ ವೃತ್ತಿಯವರು ಸ್ವಲ್ಪ ಹೊತ್ತು ನಿಂತು ಯೋಚಿಸಬೇಕಾದ ವಿಷಯ ಒಂದಿದೆ. ಸಿನಿಮಾದ ಕೊನೆಯ ಹೊತ್ತಿಗೆ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಶುರುವಾಗಿದೆ, ಅಂದರೆ 1962ರ ಅಕ್ಟೋಬರ್. ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ಅಣುಯುದ್ಧವೇ ಆಗಿಬಿಡುತ್ತದೆ, ಜಗತ್ತೇ ಮುಗಿಯಿತು ಅಂತ ಊರು ನಡುಗುತ್ತಿದೆ. ಮೇರಿ ಮಾತೆ ಊರಿನಲ್ಲಿ ಪ್ರತ್ಯಕ್ಷವಾಗುತ್ತಾಳೆ ಅನ್ನುವ ಸುದ್ದಿ ಹಬ್ಬಿ, ಜನ ಬೀದಿ ಸಿಂಗರಿಸಿ, ಜಪಮಾಲೆ ಹಿಡಿದು ಕಾಯುತ್ತಿದ್ದಾರೆ. ಅವರನ್ನು ಯಾರೂ ಗ್ಯಾರೇಜಿಗೆ ಕಳಿಸುವುದಿಲ್ಲ! ಇದು ಬರೀ ಲೇವಡಿಯಲ್ಲ. 1985ರಲ್ಲಿ ಕಾರ್ಕ್ ಕೌಂಟಿಯ ಬ್ಯಾಲಿನ್‌ಸ್ಪಿಟಲ್‌ನಲ್ಲಿ ಮೇರಿ ಮಾತೆಯ ಮೂರ್ತಿ ಅಲುಗಾಡಿತು ಅಂತ ಸಾವಿರಾರು ಜನ ನೆರೆದಿದ್ದರು. ಒಂದು ಸಮಾಜ ಒಟ್ಟಾಗಿ ನಂಬುವುದನ್ನು ನಾವು ಭ್ರಮೆ ಅನ್ನುವುದಿಲ್ಲ, ನಮ್ಮ ಪಠ್ಯಗಳೂ ಹಾಗೆ ಅನ್ನಬಾರದು ಅಂತಲೇ ಹೇಳುತ್ತವೆ. ನಮ್ಮೂರಿನಲ್ಲಿ ಮೈಮೇಲೆ ದೇವರು ಬರುವವರೆಲ್ಲ ರೋಗಿಗಳಲ್ಲ. ಹಾಗಾದರೆ ಫ್ರಾನ್ಸಿಯದ್ದು ಯಾಕೆ ಕಾಯಿಲೆ? ಊರಿನವರು ಕಾದು ಕಾದು ಸಂಜೆಗೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ಫ್ರಾನ್ಸಿಗೆ ಹೋಗಲು ಮನೆಯಿಲ್ಲ. ಅವಳು ಬಿಟ್ಟರೆ ಮಾತಾಡಲು ಇನ್ನೊಬ್ಬರಿಲ್ಲ.

ಅವನು ಆ ಸ್ಥಿತಿಗೆ ಬಂದದ್ದು ಹೇಗೆ ಅಂದರೆ, ಊರಿಗೆ ವಾಪಸ್ ಬಂದಾಗ ಜೋ ಬದಲಾಗಿದ್ದಾನೆ. ಈಗ ಅವನ ಗೆಳೆಯ ಯಾರು ಗೊತ್ತಲ್ಲ? ಫಿಲಿಪ್ ನ್ಯೂಜೆಂಟ್. ಜೋ ಕೆಟ್ಟವನಲ್ಲ, ಬೆಳೆದ ಅಷ್ಟೇ. ಹುಡುಗರು ಬೆಳೆಯುತ್ತಾರೆ. ಫ್ರಾನ್ಸಿಗೆ ಮಾತ್ರ ಬೆಳೆಯಲು ಯಾರೂ ಬಿಡುವು ಕೊಡಲಿಲ್ಲ. ಅವನು ಕಸಾಯಿಖಾನೆಗೆ ಕೆಲಸಕ್ಕೆ ಸೇರುತ್ತಾನೆ. ಸಂಜೆ ಬಂದು ಮನೆ ಗುಡಿಸುತ್ತಾನೆ, ಕುರ್ಚಿಯಲ್ಲಿ ಕೂತ ಅಪ್ಪನ ಜೊತೆ ಮಾತಾಡುತ್ತಾನೆ. ಇನ್ನು ಮೇಲೆ ನಾವು ಚೆನ್ನಾಗಿರೋಣಪ್ಪ ಅಂತೆಲ್ಲ. ಅಪ್ಪ ಏನೂ ಹೇಳುವುದಿಲ್ಲ. ನಮಗೆ ನಿಧಾನಕ್ಕೆ ಗೊತ್ತಾಗುತ್ತದೆ, ಅಪ್ಪ ಸತ್ತು ಎಷ್ಟೋ ದಿನವಾಗಿದೆ. ಹುಡುಗನಿಗೆ ಗೊತ್ತಿಲ್ಲವೇ? ಗೊತ್ತಿದೆ, ಮತ್ತೆ ಗೊತ್ತಿಲ್ಲ. ದುಃಖ ಮಿತಿ ಮೀರಿದಾಗ ಮನಸ್ಸು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಲ್ಲದು. ಒಬ್ಬರನ್ನು ಕಳೆದುಕೊಂಡದ್ದು ತನ್ನಿಂದಲೇ ಅಂತ ನಂಬಿದ ಮಗು, ಇನ್ನೊಬ್ಬರನ್ನು ಹೋಗಲು ಬಿಡುತ್ತಿಲ್ಲ.

ಪೊಲೀಸರು ಬಂದು ನೋಡುತ್ತಾರೆ. ಅಲ್ಲಿಂದ ಮಾನಸಿಕ ಆಸ್ಪತ್ರೆ, ತಲೆಗೆ ಶಾಕ್. ಇದರ ಬಗ್ಗೆ ಎರಡು ಮಾತು, ಯಾಕೆಂದರೆ ಸಿನಿಮಾ ನೋಡಿದವರು ಹೆದರಿರುತ್ತಾರೆ. 1950ರ ದಶಕದ ಕೊನೆಗೆ ಐರ್ಲೆಂಡಿನ ಜನಸಂಖ್ಯೆ ಮೂವತ್ತು ಲಕ್ಷವೂ ಇರಲಿಲ್ಲ, ಮಾನಸಿಕ ಆಸ್ಪತ್ರೆಗಳಲ್ಲಿ ಮಾತ್ರ ಸುಮಾರು 20,000 ಜನರಿದ್ದರು. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚಿನ ಸಂಖ್ಯೆಗಳಲ್ಲಿ ಒಂದು. ಅಷ್ಟು ಜನಕ್ಕೂ ಹುಚ್ಚು ಹಿಡಿದಿತ್ತು ಅಂತಲ್ಲ, ಮನೆಗೆ ಬೇಡವಾದವರೂ ಅಲ್ಲಿದ್ದರು. ಇನ್ನು ಶಾಕ್ ಚಿಕಿತ್ಸೆ. ಇವತ್ತು ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟೇ ಮಾಡುವುದು. ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುತ್ತದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆ ಅರಿವಳಿಕೆ ಇಲ್ಲದೆ ಅದನ್ನು ಮಾಡುವುದನ್ನೇ ನಿಷೇಧಿಸಿದೆ. ಮಕ್ಕಳಿಗಂತೂ ಪೋಷಕರ ಒಪ್ಪಿಗೆ, ಆ ಕಾಯಿದೆಯಡಿ ಇರುವ ಮಂಡಳಿಯ ಅನುಮತಿ ಎರಡೂ ಬೇಕು.

ಹುಡುಗ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂಡೋರನ್ ಅನ್ನುವ ಕಡಲತೀರದ ಊರಿಗೆ ಹೋಗುತ್ತಾನೆ. ಅಪ್ಪ ಅಮ್ಮ ಮಧುಚಂದ್ರಕ್ಕೆ ಹೋಗಿದ್ದ ಊರದು. ಅಪ್ಪ ಹಾಡಿದ್ದು, ಇಬ್ಬರೂ ಕೈ ಹಿಡಿದು ಸಮುದ್ರದ ದಂಡೆಯಲ್ಲಿ ನಡೆದದ್ದು, ಈ ಕತೆ ಕೇಳಿಯೇ ಅವನು ಬೆಳೆದದ್ದು. ಅವರು ಉಳಿದಿದ್ದ ಮನೆಯೊಡತಿಯನ್ನು ಹುಡುಕಿ ಕೇಳಿದರೆ, ಆ ಗಂಡ ಬರೀ ಕುಡಿದು ಹೆಂಡತಿಯನ್ನು ಗೋಳಾಡಿಸಿದವನು ಅನ್ನುತ್ತಾಳೆ. ಆ ಒಂದು ಕತೆಯೂ ಸುಳ್ಳು. ಅದೇ ಊರಿನ ಹಾಸ್ಟೆಲ್ ಶಾಲೆಯಲ್ಲಿರುವ ಜೋ ಕೂಡ ನೀನ್ಯಾರೋ ನಾನ್ಯಾರೋ ಅಂದುಬಿಡುತ್ತಾನೆ. ಹುಡುಗ ಊರಿಗೆ ಬಂದು, ಕಸಾಯಿಖಾನೆಯಲ್ಲಿ ಹಂದಿಯನ್ನು ಬೀಳಿಸುವ ಬೋಲ್ಟ್ ಗನ್ ತೆಗೆದುಕೊಂಡು ಮಿಸೆಸ್ ನ್ಯೂಜೆಂಟ್ ಮನೆಗೆ ಹೋಗುತ್ತಾನೆ.

ಈಗ ಕಾಯಿಲೆಯ ಹೆಸರು. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬುವ ಸ್ಕಿಜೋಫ್ರೇನಿಯಾ ಹನ್ನೆರಡು ವರ್ಷಕ್ಕೆ ಶುರುವಾಗುವುದು ತೀರಾ ಅಪರೂಪ. ಹಾಗಂತ ಇಲ್ಲವೇ ಇಲ್ಲ ಅನ್ನಲಾರೆ. ಅಮ್ಮನ ಕಡೆಯಿಂದ ರಕ್ತದಲ್ಲೇ ಸ್ವಲ್ಪ ಒಲವು ಬಂದಿರಬಹುದು. ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ ಇಲ್ಲದ ದನಿ ಕೇಳಿಸುವುದು, ಇಲ್ಲದ್ದು ಕಾಣಿಸುವುದು ಅಷ್ಟೇನೂ ಅಪರೂಪ ಅಲ್ಲ. ಮುಗಿಯದ ಶೋಕವಂತೂ ಎದ್ದು ಕಾಣುತ್ತದೆ. ಪರೀಕ್ಷೆಯಲ್ಲಿ ಈ ಕೇಸ್ ಕೊಟ್ಟರೆ ನನ್ನ ವಿದ್ಯಾರ್ಥಿಗಳು ನಾಲ್ಕು ಹೆಸರು ಬರೆದು ಬರುತ್ತಾರೆ, ನಾನು ನಾಲ್ಕಕ್ಕೂ ಮಾರ್ಕ್ಸ್ ಕೊಡುತ್ತೇನೆ. ಆದರೆ ಯಾವ ಹೆಸರೂ ಆ ಕೊಲೆಯನ್ನು ವಿವರಿಸುವುದಿಲ್ಲ. ಮನಸ್ಸಿನ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ, ಪೆಟ್ಟು ತಿನ್ನುವವರೇ ಜಾಸ್ತಿ. ಈ ಸಿನಿಮಾದ ಮೇಲೆ ನನಗಿರುವ ಒಂದೇ ತಕರಾರು ಅದು, ಅವಸರದಲ್ಲಿ ನೋಡಿದವರು ಹುಚ್ಚು ಅಂದರೆ ಕೊಲೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ.

ಯಜಮಾನರು ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ಹುಡುಗ ಕ್ರೂರಿ ಹೌದು. ಫಿಲಿಪ್‌ಗೆ ಕೊಡುವ ಕಾಟ ಕಾಯಿಲೆಯಲ್ಲ, ಅದು ಸುಮ್ನೆ ಕೆಟ್ಟತನ. ಆದರೆ ಕೆಟ್ಟ ಹುಡುಗ ಅನ್ನುವಲ್ಲಿಗೆ ಮಾತು ಮುಗಿಸಿದರೆ ಅಪ್ಪನನ್ನು ಎಲ್ಲಿಡುತ್ತೀರಿ? ಕಾದಂಬರಿಯಲ್ಲಿ ಆ ಅಪ್ಪನೂ ಅವನ ಸೋದರ ಅಲೋನೂ ಬೆಳೆದದ್ದು ಬೆಲ್‌ಫಾಸ್ಟಿನ ಅನಾಥಾಲಯದಲ್ಲಿ. ಅವರಪ್ಪ ಬಿಟ್ಟುಹೋದ ಮಕ್ಕಳು ಅವರು. ಇನ್ನೊಂದು ಗಮನಿಸಿದಿರಾ? ಸಿನಿಮಾ ಉದ್ದಕ್ಕೂ ಹಿನ್ನೆಲೆಯಲ್ಲಿ ಕತೆ ಹೇಳುವುದು ದೊಡ್ಡವನಾದ ಫ್ರಾನ್ಸಿಯ ದನಿ. ಆ ದನಿ ಕೊಟ್ಟವರು ಸ್ಟೀಫನ್ ರೇ. ಅಪ್ಪನ ಪಾತ್ರವೂ ಅವರದೇ. ಎಷ್ಟೋ ವರ್ಷಗಳಾದ ಮೇಲೆ ಬಿಡುಗಡೆಯಾಗಿ ಹೊರಗೆ ಬರುವ ಕೆಂಪು ಕೂದಲಿನ ಗಂಡಸಿನ ಮುಖವೂ ಅವರದೇ. ಹುಡುಗನಿಗೆ ಕೊನೆಗೆ ಸಿಕ್ಕಿದ್ದು ಅಪ್ಪನ ಮುಖ.

ನಗುವಿನ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಅಂಗಡಿಯ ಹೆಂಗಸರು, ಪೊಲೀಸು, ಡಾಕ್ಟರು, ಪಾದ್ರಿ ಎಲ್ಲರಿಗೂ ಆ ಮನೆಯ ಕತೆ ಗೊತ್ತು. ಎಲ್ಲರೂ ಅವನನ್ನು ಮಾತಾಡಿಸುತ್ತಾರೆ. ಅವನು ಒಂದು ಜೋಕು ಹೊಡೆಯುತ್ತಾನೆ, ಅವರು ನಗುತ್ತಾರೆ, ಹುಡುಗ ಚೆನ್ನಾಗಿದ್ದಾನೆ ಅಂದುಕೊಂಡು ಮುಂದೆ ಹೋಗುತ್ತಾರೆ. ಆ ಊರಿನವರು ಮಾಡಿದ್ದನ್ನೇ ಸೋಫಾ ಮೇಲೆ ಕೂತು ನೀವೂ ಮಾಡಿದಿರಿ, ನಾನೂ ಮಾಡಿದೆ. ಜೋರ್ಡನ್ ನಮ್ಮನ್ನು ಬೇಕಂತಲೇ ಆ ಜಾಗದಲ್ಲಿ ಕೂರಿಸಿದ್ದಾರೆ.

ನಿಮ್ಮ ಕ್ಲಾಸಿನ ಹುಡುಗ ಫ್ರಾನ್ಸಿ ಅಲ್ಲ, ಮೊದಲು ಅದನ್ನು ತಲೆಯಿಂದ ತೆಗೆಯಿರಿ. ನಗಿಸುವ ಮಕ್ಕಳಲ್ಲಿ ಹೆಚ್ಚಿನವರು ಸುಖವಾಗಿರುವವರೇ. ಆದರೂ ಮನಸ್ಸಿಗೆ ಕುಟುಕುತ್ತಿದ್ದರೆ ಕೆಲವು ಸಣ್ಣ ವಿಷಯ ನೋಡಿ. ಟಿಫಿನ್ ಡಬ್ಬಿ ತರುತ್ತಾನಾ? ಮನೆಯ ಮಾತು ಬಂದಾಗ ಮಾತ್ರ ಜೋಕು ಹೊಡೆಯುತ್ತಾನಾ? ಬೇರೆಯವರು ನಕ್ಕು ಮುಗಿಸಿದ ಮೇಲೆ ಅವನ ಮುಖ ಹೇಗಿರುತ್ತದೆ? ಪಾಲಕರ ಸಭೆಗೆ ಯಾರು ಬರುತ್ತಾರೆ? ಏನಾದರೂ ಸರಿಯಿಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಟೀಚರ್ ಆಗಿ ನೀವೇ ಕೇಳಬಹುದು.

ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ಅವನನ್ನು ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿಕೊಂಡು, ಮನೇಲಿ ಎಲ್ಲಾ ಹೇಗಿದ್ದಾರಪ್ಪ ಅಂತ ಕೇಳಿ. ತಮಾಷೆ ಮಾಡುತ್ತಾನೆ, ನಕ್ಕುಬಿಡಿ. ನಕ್ಕು ಮುಗಿಸಿ ಅಲ್ಲೇ ನಿಂತು ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿ.